ಕಾಕಂಬಿಯಿಂದ ಪಾಲಿಥೀನ್

ಈಚೆಗೆ ಜಯನಗರದ ಮಗಳ ಮನೆಗೆ ಹೋಗಿಬಂದ ನಮ್ಮ ಸದಸ್ಯರೊಬ್ಬರು ಖಾಲಿ ಶಾಂಪೂ ಬಾಟಲಿಯೊಂದನ್ನು ಸಂಘದ ಕಚೇರಿಗೆ ತಂದಿದ್ದರು. ಅದರ ಮೇಲೆ ‘ಕಬ್ಬಿನಿಂದ ತಯಾರಿಸಿದ ಪ್ಲಾಸ್ಟಿಕ್’ ಎಂಬ ಒಕ್ಕಣೆಯಿತ್ತು. ಇಂಥ ಚೀಲ ಸಿಕ್ಕಿದರೆ ಕಾಫಿ, ಅಡಿಕೆ ಸಸಿಗಳನ್ನು ಚೀಲದ ಸಮೇತ ನೆಟ್ಟುಬಿಡಬಹುದಲ್ಲವೆ, ಮಣ್ಣಿನಲ್ಲಿ ಕೊಳೆತುಹೋಗುವುದಲ್ಲವೆ ಎಂಬುದು ಅವರ ಪ್ರಶ್ನೆ. ಉತ್ತರ ಎಲ್ಲರಿಗೂ ಉಪಯುಕ್ತವೆಂದು ಇಲ್ಲಿ ಬರೆಯುತ್ತಿದ್ದೇವೆ.

ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯನ್ನು ಹುದುಗೆಬ್ಬಿಸಿ ಬಟ್ಟಿ ಇಳಿಸಿದರೆ ಮದ್ಯಸಾರ ಬರುವುದೆಂಬುದು ಮಂಡ್ಯದ ಕಡೆಯವರಿಗೆ ಹೊಸ ಸಂಗತಿಯಲ್ಲ. ಈ ಮದ್ಯಸಾರದ ಆವಿಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಲ್ಯುಮಿನಾ ಗುಳಿಗೆಗಳ ಮೂಲಕ ಹಾಯಿಸುತ್ತಾರೆ. ಅಲ್ಯುಮಿನಾ ವೇಗವರ್ಧಕ, ಅದು ತಾನು ಖರ್ಚಾಗದೆ ಮದ್ಯಸಾರದಿಂದ ನೀರನ್ನು ಬೇರ್ಪಡಿಸಲು ನೆರವಾಗುತ್ತದೆ. ಉಳಿಯುವ ಅನಿಲವೇ ಎಥಿಲೀನ್. ಬಾಳೆಗೊನೆ ಹಣ್ಣಾಗುವಾಗ ಹೊರಬಿಡುವುದೂ ಇದೇ ಅನಿಲವನ್ನು. ಈ ಕ್ರಿಯೆ ಶಾಖವನ್ನು ಹೀರುವುದರಿಂದ ಎಡೆಬಿಡದೆ ಕಾವು ಕೊಡಬೇಕು. ಕಾವು ಬಹಳ ತಗ್ಗಿದರೆ ಎಥಿಲೀನಿನ ಬದಲು ಈಥರ್ ಹೆಚ್ಚಾಗುತ್ತದೆ. ಅನಿಲವನ್ನು ತಣಿಸಿ, ಶುದ್ಧಿಗೊಳಿಸಿ, ಅದರ ಅಣುಗಳನ್ನು ಸರಪಣಿಯಂತೆ ಜೋಡಿಸಿದರೆ ಪಾಲಿಥೀನ್ ಸಿದ್ಧ.

ಲೆಕ್ಕದಲ್ಲಿ 46 ಕಿಲೊ ಮದ್ಯಸಾರಕ್ಕೆ 28 ಕಿಲೊ ಎಥಿಲೀನ್, 18 ಕಿಲೊ ನೀರು. ಕಾರ್ಖಾನೆಯಲ್ಲಿ ಒಂದು ಟನ್ ಎಥಿಲೀನಿಗೆ ಸುಮಾರು 1.7 ಟನ್ ಮದ್ಯಸಾರ, ಅಂದರೆ 9ರಿಂದ 10 ಟನ್ ಕಾಕಂಬಿ ಬೇಕಾಗುತ್ತದೆ.

ಇದು ಹೊಸ ವಿದ್ಯೆಯೇನಲ್ಲ. 1959ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ನಮ್ಮ ದೇಶದ ಮೊದಲ ಪಾಲಿಥೀನ್ ತಯಾರಾದದ್ದು ಮದ್ಯಸಾರದಿಂದಲೇ. ಆಮೇಲೆ ನಾಫ್ತಾದಿಂದ ಎಥಿಲೀನ್ ಅಗ್ಗವಾಗಿ ದೊರೆತು ಈ ದಾರಿ ಹಿಂದೆ ಬಿತ್ತು. ಬ್ರೆಜಿಲ್‌ನಲ್ಲಿ 2010ರಲ್ಲಿ ವರ್ಷಕ್ಕೆ 2 ಲಕ್ಷ ಟನ್ ಎಥಿಲೀನ್ ತಯಾರಿಸಬಲ್ಲ ಕಾರ್ಖಾನೆ ಕಬ್ಬಿನ ಮದ್ಯಸಾರದಿಂದಲೇ ಶುರುವಾಯಿತು. ನಮ್ಮಲ್ಲಿ ಈಗ ಮದ್ಯಸಾರಕ್ಕೆ ಪೆಟ್ರೋಲಿನಲ್ಲಿ ಬೆರೆಸಲು ಬೇಡಿಕೆಯಿರುವುದರಿಂದ, ಕಬ್ಬಿನ ಚೀಲ ಅಗ್ಗವಾದೀತೆಂದು ನೆಚ್ಚಿಕೊಳ್ಳುವಂತಿಲ್ಲ.

ಇನ್ನು ಸದಸ್ಯರ ಪ್ರಶ್ನೆ. ಎಥಿಲೀನ್ ಕಬ್ಬಿನಿಂದ ಬಂದರೂ ಕಲ್ಲೆಣ್ಣೆಯಿಂದ ಬಂದರೂ ಒಂದೇ; ಅದರ ಪಾಲಿಥೀನೂ ಒಂದೇ. ಕಬ್ಬಿನದರಿಂದ ಕಲ್ಲೆಣ್ಣೆ ಉಳಿಯುವುದು ನಿಜ, ಆದರೆ ಚೀಲ ಮಣ್ಣಿನಲ್ಲಿ ಕೊಳೆಯದು. ಅದರೊಳಗೇ ಬೇರು ಸುತ್ತಿಕೊಂಡು ಗಿಡ ಸೊರಗುತ್ತದೆ. ಕೊಳೆಯುವ ಚೀಲಗಳ ಜಾತಿಯೇ ಬೇರೆ. ಕೊಳ್ಳುವಾಗ ಅದನ್ನು ವಿಚಾರಿಸಿಕೊಳ್ಳಬೇಕು.

ಆದ್ದರಿಂದ ಸದಸ್ಯರು ಒಕ್ಕಣೆಗೆ ಮರುಳಾಗದೆ, ನೆಡುವ ಮುನ್ನ ಚೀಲ ಹರಿದು ತೆಗೆದು, ಸುರುಳಿಗಟ್ಟಿದ ಬೇರನ್ನು ಕತ್ತರಿಸಿ ನೆಡತಕ್ಕದ್ದು. ಹರಿದ ಚೀಲಗಳನ್ನು ತೋಟದಲ್ಲಿ ಸುಡದೆ, ಲೆಕ್ಕಹಾಕಿ ಒಟ್ಟುಗೂಡಿಸಿ ಗುಜರಿಗೆ ಕೊಡಬೇಕೆಂದು ಕೋರುತ್ತೇವೆ.