ಬ್ಯಾಂಕ್ ಸರ್ವರ್ ಹ್ಯಾಕ್ ಆದರೆ ನಮ್ಮ ದುಡ್ಡು ಹೋದಂತೆಯೇ? 2024ರಲ್ಲಿ ನಿಜಕ್ಕೂ ನಡೆದದ್ದೇನು?

“ಬ್ಯಾಂಕ್ ಸರ್ವರ್ ಹ್ಯಾಕ್ ಆಗಿದೆ, ಖಾತೆಯಲ್ಲಿರುವ ದುಡ್ಡನ್ನು ಈಗಲೇ ತೆಗೆದುಬಿಡಿ, ಎಲ್ಲ ಗ್ರೂಪಿಗೂ ಕಳಿಸಿ.” ಈ ಧಾಟಿಯ ಫಾರ್ವರ್ಡ್ ನಿಮಗೂ ಒಮ್ಮೆಯಾದರೂ ಬಂದಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: “ಪುಕ್ಕಟೆ ಸಾಫ್ಟ್‌ವೇರ್ ಬಳಸಿದರೆ ಹೀಗೇ ಆಗೋದು.” ಈ ಎರಡೂ ಮಾತುಗಳು ಎಷ್ಟು ನಿಜ? 2024ರ ಜುಲೈ ಕೊನೆಯಲ್ಲಿ ನಡೆದ ಒಂದು ಘಟನೆಯನ್ನು ಮುಂದಿಟ್ಟುಕೊಂಡು ನೋಡೋಣ.

ಅಂದು ಏನಾಗಿತ್ತು?

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಒಂದು ಅಂಗಡಿಯಲ್ಲಿ ನೀವು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೀರಿ ಎಂದುಕೊಳ್ಳಿ. ದುಡ್ಡು ನಿಮ್ಮ ಫೋನಿನಿಂದ ನೇರವಾಗಿ ಅಂಗಡಿಯವರ ಫೋನಿಗೆ ಹಾರುವುದಿಲ್ಲ. ನಿಮ್ಮ ಬ್ಯಾಂಕು, ಅಂಗಡಿಯವರ ಬ್ಯಾಂಕು, ಇವೆರಡರ ನಡುವೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಹೀಗೆ ಹಲವು ಕೈ ದಾಟಿ ಹೋಗುತ್ತದೆ. ಬಹಳಷ್ಟು ಸಹಕಾರಿ ಬ್ಯಾಂಕುಗಳು ಮತ್ತು ಗ್ರಾಮೀಣ ಬ್ಯಾಂಕುಗಳು ತಮ್ಮದೇ ದೊಡ್ಡ ಕಂಪ್ಯೂಟರ್ ವ್ಯವಸ್ಥೆ ಇಟ್ಟುಕೊಂಡಿರುವುದಿಲ್ಲ. ಆ ಕೆಲಸವನ್ನು ತಂತ್ರಜ್ಞಾನ ಕಂಪನಿಗಳಿಗೆ ವಹಿಸಿರುತ್ತವೆ.

ಅಂಥ ಒಂದು ಕಂಪನಿ ಸಿ-ಎಡ್ಜ್ ಟೆಕ್ನಾಲಜೀಸ್. ಇದು ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಜಂಟಿಯಾಗಿ ಕಟ್ಟಿದ ಕಂಪನಿ. ಇದರ ಕೆಲವು ವ್ಯವಸ್ಥೆಗಳ ಮೇಲೆ ರಾನ್ಸಮ್‌ವೇರ್ ದಾಳಿ ನಡೆದಿರುವ ಸಾಧ್ಯತೆ ಇದೆ ಎಂದು 2024ರ ಜುಲೈ 31ರಂದು ಎನ್‌ಪಿಸಿಐ ಪ್ರಕಟಿಸಿತು. ರಾನ್ಸಮ್‌ವೇರ್ ಎಂದರೆ ಕಂಪ್ಯೂಟರಿನ ಕಡತಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳುವ ದುಷ್ಟ ತಂತ್ರಾಂಶ. ಬೇರೆಡೆಗೆ ಹರಡದಿರಲಿ ಎಂದು ಎನ್‌ಪಿಸಿಐ ಸಿ-ಎಡ್ಜ್‌ನ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು ಎಂದು ರಾಯಿಟರ್ಸ್ ವರದಿ ಮಾಡಿತು. ಮರುದಿನ, ಆಗಸ್ಟ್ 1ರಂದು, ಭದ್ರತಾ ಪರಿಶೀಲನೆಯ ನಂತರ ಸಂಪರ್ಕ ಮರಳಿತು.

ಇಲ್ಲಿ ಒಂದು ಅಂಶ ಗಮನಿಸಿ. ಗ್ರಾಹಕರ ಪಾವತಿ ನಿಂತದ್ದು ಯಾರೋ ಖಾತೆ ದೋಚಿದ್ದರಿಂದಲ್ಲ. ಮುಂಜಾಗ್ರತೆಗಾಗಿ ನಡುವಿನ ಗೇಟು ಮುಚ್ಚಿದ್ದರಿಂದ. ಸೇತುವೆ ಮುಚ್ಚಿದ ಮಾತ್ರಕ್ಕೆ ಆಚೆ ದಡದ ಮನೆ ಕೊಚ್ಚಿಹೋಯಿತು ಎಂದಲ್ಲವಲ್ಲ.

ಕಳ್ಳ ಒಳಗೆ ಬಂದ ದಾರಿ ಯಾವುದು?

ಬೆಂಗಳೂರಿನ ಸೈಬರ್ ಭದ್ರತಾ ಕಂಪನಿ ಕ್ಲೌಡ್‌ಸೆಕ್ ಈ ದಾಳಿಯ ಜಾಡು ಹಿಡಿದು ವರದಿ ಬರೆಯಿತು. ಅದರ ಪ್ರಕಾರ ದಾಳಿ ಶುರುವಾದದ್ದು ಸಿ-ಎಡ್ಜ್ ಜೊತೆ ಕೆಲಸ ಮಾಡುವ ಇನ್ನೊಂದು ಕಂಪನಿಯ ಜೆಂಕಿನ್ಸ್ ಸರ್ವರ್‌ನಿಂದ. ಆ ಸರ್ವರನ್ನು ಸರಿಯಾಗಿ ಹೊಂದಿಸಿರಲಿಲ್ಲ ಎನ್ನುತ್ತದೆ ವರದಿ.

ಜೆಂಕಿನ್ಸ್ ಎಂದರೇನು? ಹಾಲಿನ ಡೇರಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನೆಮನೆಯಿಂದ ಹಾಲು ಬರುತ್ತದೆ. ಬಂದ ಹಾಲನ್ನು ನೇರವಾಗಿ ದೊಡ್ಡ ಕ್ಯಾನಿಗೆ ಸುರಿಯುವುದಿಲ್ಲ. ಡಿಗ್ರಿ, ಫ್ಯಾಟ್ ನೋಡುತ್ತಾರೆ. ಸರಿ ಇದ್ದರೆ ಒಳಗೆ, ಇಲ್ಲದಿದ್ದರೆ ವಾಪಸ್. ಒಬ್ಬರ ಕೆಟ್ಟ ಹಾಲು ಇಡೀ ಕ್ಯಾನನ್ನು ಒಡೆಸಬಾರದು ಎಂಬುದಷ್ಟೇ ಉದ್ದೇಶ. ಒಂದು ಆ್ಯಪ್ ತಯಾರಾಗುವಾಗಲೂ ಹತ್ತಾರು ಜನ ಕೋಡ್ ಬರೆಯುತ್ತಾರೆ. ಯಾರು ಏನು ಬದಲಿಸಿದರೂ ತಾನಾಗಿ ಎತ್ತಿಕೊಂಡು, ಜೋಡಿಸಿ, ಪರೀಕ್ಷಿಸಿ, ಪಾಸೋ ಫೇಲೋ ಎಂದು ಹೇಳುವ ಕಂಪ್ಯೂಟರೇ ಜೆಂಕಿನ್ಸ್ ಸರ್ವರ್. ಜಪಾನಿನ ಕೊಹ್ಸುಕೆ ಕವಾಗುಚಿ ಅವರು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದಾಗ 2004ರಲ್ಲಿ ಇದನ್ನು ಹಡ್ಸನ್ ಎಂಬ ಹೆಸರಿನಲ್ಲಿ ಆರಂಭಿಸಿದರು. 2011ರಲ್ಲಿ ಅದು ಜೆಂಕಿನ್ಸ್ ಆಯಿತು. ಇದು ಮುಕ್ತ ತಂತ್ರಾಂಶ: ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಒಳಗಿನ ಕೋಡ್ ಓದಬಹುದು.

ಆದರೆ ಡೇರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಪರೀಕ್ಷಿಸಿದ ಕೋಡನ್ನು ಬೇರೆ ಸರ್ವರ್‌ಗಳಿಗೆ ತಲುಪಿಸುವ ಕೆಲಸವನ್ನೂ ಸಾಮಾನ್ಯವಾಗಿ ಜೆಂಕಿನ್ಸೇ ಮಾಡುತ್ತದೆ. ಅದಕ್ಕಾಗಿ ಆ ಸರ್ವರ್‌ಗಳ ಪಾಸ್‌ವರ್ಡ್, ಕೀಲಿಗಳನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಹಾಲು ನೋಡುವವರ ಸೊಂಟದಲ್ಲೇ ಊರಿನ ಎಲ್ಲ ಬೀಗದ ಕೈ ಇದ್ದ ಹಾಗೆ. ಕಳ್ಳರ ಕಣ್ಣು ಇದರ ಮೇಲೆ ಬೀಳುವುದು ಈ ಕಾರಣಕ್ಕೆ.

ಕ್ಲೌಡ್‌ಸೆಕ್ ಗುರುತಿಸಿದ ದೋಷಕ್ಕೆ ಸಿವಿಇ-2024-23897 ಎಂದು ಹೆಸರು. ಜೆಂಕಿನ್ಸ್‌ಗೆ ಟೈಪ್ ಮಾಡಿ ಆದೇಶ ಕೊಡುವಾಗ, ಇಮೇಲ್ ವಿಳಾಸದಲ್ಲಿ ಬರುವ @ ಚಿಹ್ನೆಯ ಮುಂದೆ ಒಂದು ಕಡತದ ಹೆಸರು ಬರೆದರೆ, ಆ ಕಡತದ ಒಳಗಿರುವುದನ್ನೇ ಅದು ಓದಿಕೊಳ್ಳುತ್ತಿತ್ತು. ಅನುಕೂಲಕ್ಕೆಂದು ಇದ್ದ ಸೌಲಭ್ಯ ಹೊರಗಿನವರಿಗೆ ಇಣುಕುವ ಕಿಂಡಿಯಾಯಿತು. ಲಾಗಿನ್ ಇಲ್ಲದವರಿಗೂ ಕಡತದ ಮೊದಲ ಕೆಲವು ಸಾಲು ಸಿಗುತ್ತಿದ್ದವು.

ಈಗ ತಾರೀಖು ನೋಡಿ. ಜೆಂಕಿನ್ಸ್ ತಂಡ ಈ ಎಚ್ಚರಿಕೆಯನ್ನೂ, ದೋಷ ಸರಿಪಡಿಸಿದ 2.442 ಮತ್ತು 2.426.3 ಆವೃತ್ತಿಗಳನ್ನೂ ಪ್ರಕಟಿಸಿದ್ದು 2024ರ ಜನವರಿ 24ರಂದು. ಬ್ಯಾಂಕುಗಳ ಸೇವೆ ನಿಂತದ್ದು ಜುಲೈ ಕೊನೆಯಲ್ಲಿ. ಮದ್ದು ಆರು ತಿಂಗಳ ಮೊದಲೇ ಬಂದಿತ್ತು, ಅದೂ ಉಚಿತವಾಗಿ!

ಹಾಗಾದರೆ ಪುಕ್ಕಟೆ ಸಾಫ್ಟ್‌ವೇರ್ ತಪ್ಪಲ್ಲವೇ?

ಅಲ್ಲ. ಕೋಟಿಗಟ್ಟಲೆ ಕೊಟ್ಟು ಕೊಂಡ ತಂತ್ರಾಂಶದಲ್ಲೂ ದೋಷಗಳು ಸಿಗುತ್ತವೆ. ಹಾಗೆಯೇ, ಕೋಡ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದ್ದರಿಂದ ಮುಕ್ತ ತಂತ್ರಾಂಶಕ್ಕೆ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. ಬೆಲೆಗಿಂತ ಮುಖ್ಯವಾದದ್ದು ನಿರ್ವಹಣೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇಂಥ ಸರ್ವರ್ ನೋಡಿಕೊಳ್ಳುವವರು ನಿಮ್ಮ ಮನೆಯಲ್ಲೂ ಇರಬಹುದು. ಅವರ ಕೆಲಸದ ಮುಖ್ಯ ಭಾಗ ಇಷ್ಟು:

• ಡಿಸ್ಕ್ ತುಂಬುವುದು: ಪ್ರತಿ ಸಲ ಕೋಡ್ ಜೋಡಿಸಿದಾಗಲೂ ದಾಖಲೆ, ಕಡತಗಳು ಉಳಿಯುತ್ತವೆ. ಜಾಗ ಮುಗಿದರೆ ಎಲ್ಲ ಕೆಲಸವೂ ನಿಲ್ಲುತ್ತದೆ. ಹಳೆಯವನ್ನು ಎಷ್ಟು ದಿನ ಇಡಬೇಕೆಂದು ಮೊದಲೇ ಮಿತಿ ಹಾಕಬೇಕು.

• ನಿಧಾನವಾಗುವುದು: ಕೂಡಲೇ ರೀಸ್ಟಾರ್ಟ್ ಮಾಡುವುದು ಫ್ಯೂಸ್ ಹೋದಾಗ ದಪ್ಪ ತಂತಿ ಕಟ್ಟಿದ ಹಾಗೆ. ಆ ಹೊತ್ತಿಗೆ ಕೆಲಸ ನಡೆಯುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಮೊದಲು ಲಾಗ್ ಓದಬೇಕು. ಮೆಮೊರಿ ಸಾಲದೇ? ಕೆಲಸ ಹಂಚಿಕೊಳ್ಳುವ ಇತರ ಕಂಪ್ಯೂಟರ್‌ಗಳ ಸಂಪರ್ಕ ತಪ್ಪಿದೆಯೇ? ಎಂದು ನೋಡಬೇಕು.

• ಪ್ಲಗಿನ್‌ಗಳು: ಜೆಂಕಿನ್ಸ್‌ಗೆ 1,800ಕ್ಕೂ ಹೆಚ್ಚು ಪ್ಲಗಿನ್‌ಗಳಿವೆ, ಬರೆದವರು ಬೇರೆಬೇರೆ ಜನ. ಬಳಸದವನ್ನು ತೆಗೆದುಹಾಕಬೇಕು. ಅಪ್‌ಡೇಟ್ ಮಾಡುವ ಮೊದಲು ಇಡೀ ಜೆಂಕಿನ್ಸ್ ಫೋಲ್ಡರಿನ ಬ್ಯಾಕಪ್ ತೆಗೆದು, ಬೇರೊಂದು ಸರ್ವರ್‌ನಲ್ಲಿ ಪ್ರಯೋಗ ಮಾಡಿ ನೋಡಬೇಕು.

• ಬಾಗಿಲು: ಈ ಸರ್ವರ್ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಇರಬಾರದು. ಯಾರಿಗೆ ಎಷ್ಟು ಬೇಕೋ ಅಷ್ಟೇ ಅನುಮತಿ ಕೊಡಬೇಕು.

• ಭದ್ರತಾ ಅಪ್‌ಡೇಟ್: ದೋಷದ ಪ್ರಕಟಣೆಯನ್ನು ನಾವು ಓದಿದ ದಿನವೇ ಕಳ್ಳರೂ ಓದುತ್ತಾರೆ. ಆದ್ದರಿಂದ ಇದನ್ನು ‘ಮುಂದಿನ ತಿಂಗಳು ನೋಡೋಣ’ ಎಂದು ತಳ್ಳುವಂತಿಲ್ಲ.

ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ, ದಾಳಿಕೋರರು ನಿಜವಾಗಿ ಬಳಸುತ್ತಿರುವ ದೋಷಗಳ ಪಟ್ಟಿಗೆ ಇದನ್ನು ಸೇರಿಸಿದ್ದು 2024ರ ಆಗಸ್ಟ್ 19ರಂದು. ಅಂದರೆ ಈ ಕಿಂಡಿಯನ್ನು ಕಾಯುತ್ತಿದ್ದವರು ಹೊರಗೆ ಇದ್ದೇ ಇದ್ದರು.

ನೀವು ಏನು ಮಾಡಬೇಕು?

ಪಾವತಿ ಆಗದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಖಾತೆಯಿಂದ ದುಡ್ಡು ಕಡಿತವಾಗಿ ಎದುರಿನವರಿಗೆ ತಲುಪದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಮರುದಿನದೊಳಗೆ, ಅಂಗಡಿಗೆ ಕಳಿಸಿದ್ದು 5 ದಿನದೊಳಗೆ ವಾಪಸ್ ಬರಬೇಕು.

ನೀವು ಮಾಡದ ವ್ಯವಹಾರ ಖಾತೆಯಲ್ಲಿ ಕಂಡರೆ ತಕ್ಷಣ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ನಡುವಿನ ವ್ಯವಸ್ಥೆಯದಾಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟವರು ನಷ್ಟ ಹೊರಬೇಕಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಆದರೆ ಒಟಿಪಿ, ಪಿನ್ ನೀವೇ ಹೇಳಿಬಿಟ್ಟರೆ ಈ ರಕ್ಷಣೆ ಸಿಗುವುದಿಲ್ಲ. ಸೇವೆ ನಿಂತ ಹೊತ್ತಿನಲ್ಲಿ “ಖಾತೆ ಸರಿಮಾಡಿಕೊಡುತ್ತೇವೆ” ಎಂದು ಬರುವ ಲಿಂಕ್, ಕರೆಗಳನ್ನು ನಂಬಬೇಡಿ.

ನಮ್ಮ ತೀರ್ಮಾನ

‘ಸರ್ವರ್ ಹ್ಯಾಕ್ ಎಂದರೆ ದುಡ್ಡು ಹೋಯಿತು’ ಎಂಬುದು ತಪ್ಪು. ‘ಉಚಿತ ತಂತ್ರಾಂಶವೇ ಕಾರಣ’ ಎಂಬುದೂ ತಪ್ಪು. ಗೊತ್ತಿದ್ದ ಕಿಂಡಿಯನ್ನು ಮುಚ್ಚದೆ ಬಿಟ್ಟರೆ ಅಪಾಯ ಎಂಬುದು ನಿಜ. ಈ ಮಾತು ನಿಮ್ಮ ಕೈಯಲ್ಲಿರುವ ಫೋನಿಗೂ ಅನ್ವಯಿಸುತ್ತದೆ. ಅದರಲ್ಲಿ ಅಪ್‌ಡೇಟ್ ಬಾಕಿ ಇದ್ದರೆ, ಮುಂದಿನ ಫಾರ್ವರ್ಡ್ ಕಳಿಸುವ ಮೊದಲು ಅದನ್ನು ಮುಗಿಸಿ.