ದವನದ ದಾಯಾದಿ, ಚಳಿಜ್ವರದ ವೈರಿ

ಚೈತ್ರ ಮಾಸದ ಹುಣ್ಣಿಮೆಗೆ ಕನ್ನಡ ನಾಡಿನಲ್ಲಿ ದವನದ ಹುಣ್ಣಿಮೆ ಎಂದೇ ಹೆಸರು. ದೇವರ ಮುಡಿಗೂ ಹೆಂಗಳೆಯರ ಜಡೆಗೂ ಏರುವ, ಹೂವಿಗಿಂತ ಎಲೆಯಿಂದಲೇ ಘಮಘಮಿಸುವ ಈ ಬೂದುಹಸಿರು ಗಿಡವನ್ನು ಸಸ್ಯವಿಜ್ಞಾನಿಗಳು ಆರ್ಟೆಮಿಸಿಯ ಎಂಬ ಕುಲಕ್ಕೆ ಸೇರಿಸಿದ್ದಾರೆ. ಇದೇ ಕುಲದ ಇನ್ನೊಂದು ಗಿಡ ಚೀನಾದಲ್ಲಿ ಹೇರಳವಾಗಿ ಬೆಳೆಯುತ್ತದೆ. ನೋಡುವುದಕ್ಕೆ ಹೊಲದ ಬದುವಿನ ಕಳೆ. ಅಲ್ಲಿಯ ಜನ ಅದನ್ನು ಚಿಂಗ್‌ಹಾವ್ ಎಂದು ಕರೆಯುತ್ತ ಬಂದಿದ್ದಾರೆ. ಪ್ರಯೋಗಾಲಯದ ಮಾತ್ರೆಗಳೆಲ್ಲ ಸೋತು ಕುಳಿತಿದ್ದಾಗ ಮಲೇರಿಯಾವನ್ನು ಎದುರಿಸಿದ್ದು ಈ ಗಿಡದ ಸತ್ವ.

ಮಲೇರಿಯಾಕ್ಕೆ ಗಿಡದಿಂದ ಮದ್ದು ಸಿಕ್ಕಿದ್ದು ಇದೇ ಮೊದಲಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಸಿಂಕೋನ ಮರದ ತೊಗಟೆ ಹದಿನೇಳನೆಯ ಶತಮಾನದಲ್ಲಿಯೇ ಯೂರೋಪಿಗೆ ಬಂದಿತ್ತು. 1820ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೆ ಮತ್ತು ಕವಾಂಟು ಎಂಬ ಇಬ್ಬರು ಅದರಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ಬ್ರಿಟಿಷರು ಈ ಮರವನ್ನು ನಮ್ಮ ನೆರೆಯ ನೀಲಗಿರಿಗೂ ತಂದು ನೆಟ್ಟರು. ಕಹಿ ಎಂದರೆ ಕ್ವಿನೈನ್ ಎನ್ನುವಷ್ಟು ಅದು ಜನರ ನಾಲಿಗೆಗೆ ಪರಿಚಿತವಾಯಿತು.

ಆಮೇಲೆ ಬಂದದ್ದು ಕ್ಲೋರೋಕ್ವಿನ್. 1934ರಲ್ಲಿ ಜರ್ಮನಿಯಲ್ಲಿ ತಯಾರಾದ ಈ ಕೃತಕ ಮದ್ದು ಎರಡನೆಯ ಮಹಾಯುದ್ಧದ ನಂತರ ಜಗತ್ತಿನಾದ್ಯಂತ ಹರಡಿತು. ಅಗ್ಗ, ಸುಲಭ, ಗುಣವೂ ಖಚಿತ. ಆದರೆ 1950ರ ದಶಕದ ಕೊನೆಗೆ ಥಾಯ್ಲೆಂಡ್ ಮತ್ತು ಕಾಂಬೋಡಿಯಗಳ ಗಡಿಯಲ್ಲಿ, ಅತ್ತ ಕೊಲಂಬಿಯದಲ್ಲಿ, ಮಾತ್ರೆ ನುಂಗಿದರೂ ಜ್ವರ ಬಿಡದ ರೋಗಿಗಳು ಕಾಣಿಸಿಕೊಂಡರು. ಭಾರತದಲ್ಲಿ ಇಂಥ ಪ್ರಕರಣ ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಮಿನಿಂದ. ಫಾಲ್ಸಿಪಾರಂ ಎಂಬ ಮಾರಕ ಬಗೆಯ ಮಲೇರಿಯಾ ರೋಗಾಣು ತನ್ನೊಳಗೆ ಬಂದ ಕ್ಲೋರೋಕ್ವಿನನ್ನು ತಾನು ಆಹಾರ ಜೀರ್ಣಿಸಿಕೊಳ್ಳುವ ಚೀಲದಿಂದ ಹೊರಕ್ಕೆ ತಳ್ಳುವುದನ್ನು ಕಲಿತುಬಿಟ್ಟಿತ್ತು. ವಿಷ ಬಡಿಸಿದರೆ ತಟ್ಟೆಯಿಂದಲೇ ಎತ್ತಿ ಎಸೆದಂತೆ.

ಇದೇ ಹೊತ್ತಿಗೆ ವಿಯೆಟ್ನಾಂ ಯುದ್ಧ. ಕಾಡಿನಲ್ಲಿ ಹೋರಾಡುತ್ತಿದ್ದ ಎರಡೂ ಪಕ್ಷಗಳ ಸೈನಿಕರನ್ನು ಗುಂಡಿನಷ್ಟೇ ಮಲೇರಿಯಾವೂ ಕಾಡಿತು. ಉತ್ತರ ವಿಯೆಟ್ನಾಂ ಚೀನಾದ ನೆರವು ಕೇಳಿತು. 1967ರ ಮೇ 23ರಂದು ಬೀಜಿಂಗ್‌ನಲ್ಲಿ ಗುಪ್ತ ಯೋಜನೆಯೊಂದು ಶುರುವಾಯಿತು. ತಿಂಗಳು ಮತ್ತು ದಿನಾಂಕ ಸೇರಿಸಿ ಅದಕ್ಕೆ ‘ಯೋಜನೆ 523’ ಎಂದು ಹೆಸರಿಟ್ಟರು.

1969ರ ಜನವರಿಯಲ್ಲಿ ಚೀನಾದ ಸಾಂಪ್ರದಾಯಿಕ ವೈದ್ಯ ಅಕಾಡೆಮಿಯ ತಂಡಕ್ಕೆ ಮುಖ್ಯಸ್ಥೆಯಾದವರು 38 ವರ್ಷದ ತೂ ಯೂಯೂ. ಡಾಕ್ಟರೇಟ್ ಇಲ್ಲ, ವಿದೇಶದಲ್ಲಿ ಓದಿದವರಲ್ಲ. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ವಿದ್ವಾಂಸರನ್ನು ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಪತಿಯನ್ನು ಗ್ರಾಮಾಂತರಕ್ಕೆ ಕಳುಹಿಸಲಾಗಿತ್ತು. ಎಳೆಯ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಆಕೆ ರೋಗಿಗಳಿದ್ದ ಹೈನಾನ್ ದ್ವೀಪಕ್ಕೆ ಹೋದರು. ಬಹುಕಾಲದ ನಂತರ ಬಂದಾಗ ಮಗು ತಾಯಿಯ ಗುರುತನ್ನೇ ಹಿಡಿಯಲಿಲ್ಲವಂತೆ.

ತಂಡ ಹಳೆಯ ವೈದ್ಯಗ್ರಂಥಗಳನ್ನು ತಡಕಿ, ನಾಟಿ ವೈದ್ಯರನ್ನು ಕೇಳಿ ಎರಡು ಸಾವಿರಕ್ಕೂ ಹೆಚ್ಚು ಪಾಕಗಳನ್ನು ಕಲೆಹಾಕಿತು. ಸುಮಾರು 200 ಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತೆಗೆದು ಇಲಿಗಳ ಮೇಲೆ ಪ್ರಯೋಗಿಸಿತು. ಚಿಂಗ್‌ಹಾವ್ ಒಮ್ಮೆ ಚೆನ್ನಾಗಿ ಕೆಲಸ ಮಾಡಿದರೆ ಮರುಸಲ ಕೈಕೊಡುತ್ತಿತ್ತು. ಕಾರಣ ತಿಳಿಯದೆ ತೂ ಮತ್ತೆ ಪುಸ್ತಕಗಳಿಗೆ ಮರಳಿದರು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯ ತುರ್ತು ಚಿಕಿತ್ಸೆಗಳ ಕೈಪಿಡಿಯಲ್ಲಿ ಚಳಿಜ್ವರಕ್ಕೆ ಬರೆದಿದ್ದ ವಿಧಾನ ಅವರ ಕಣ್ಣಿಗೆ ಬಿತ್ತು. ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಹಾಕಿ, ಹಿಂಡಿ, ರಸವನ್ನು ಕುಡಿಯಬೇಕು. ಮೂಲಿಕೆ ಎಂದರೆ ಕುದಿಸಿ ಕಷಾಯ ಮಾಡುವುದು ಚೀನಾದಲ್ಲೂ ರೂಢಿ. ಇಲ್ಲಿ ಒಲೆಯ ಮಾತೇ ಇಲ್ಲ! ಹಾಗಾದರೆ ಬಿಸಿಯೇ ಮದ್ದನ್ನು ಕೆಡಿಸುತ್ತಿರಬಹುದೆ?

ತೂ ನೀರಿನ ಬದಲು ಈಥರ್ ಬಳಸಿದರು. ಅದು ಸುಮಾರು 35 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ, ಆದ್ದರಿಂದ ಸತ್ವ ಬೇಯುವುದಿಲ್ಲ. 1971ರ ಅಕ್ಟೋಬರ್ 4ರಂದು 191ನೆಯ ಮಾದರಿ ಇಲಿಗಳ ರಕ್ತದಲ್ಲಿದ್ದ ಮಲೇರಿಯಾ ರೋಗಾಣುಗಳನ್ನು ಪೂರ್ತಿಯಾಗಿ ಅಳಿಸಿಹಾಕಿತು. ಮರುವರ್ಷ ತೂ ಮತ್ತು ಇಬ್ಬರು ಸಹೋದ್ಯೋಗಿಗಳು ಮೊದಲು ತಾವೇ ಅದನ್ನು ಕುಡಿದು ನೋಡಿದರು. ನಂತರವೇ ರೋಗಿಗಳಿಗೆ ಕೊಟ್ಟದ್ದು. ಅದೇ ವರ್ಷ ಶುದ್ಧ ಹರಳು ಕೈಗೆ ಬಂತು. ಅದೇ ಆರ್ಟೆಮಿಸಿನಿನ್. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಮುಂದೆ ಇದೇ ಸತ್ವದಿಂದ ಆರ್ಟೀಥರ್ ಎಂಬ ಚುಚ್ಚುಮದ್ದನ್ನು ರೂಪಿಸಿತು. ತೂ ಅವರಿಗೆ ನೊಬೆಲ್ ಬಂದದ್ದು 2015ರಲ್ಲಿ.

ಹಳೆಯ ಗ್ರಂಥದಲ್ಲಿ ಎಲ್ಲವೂ ಇತ್ತು ಎಂದು ಈ ಕಥೆಯನ್ನು ಹೇಳುವವರಿದ್ದಾರೆ. ಅದು ಅರ್ಧಸತ್ಯ. ಗ್ರಂಥದಲ್ಲಿ ಇದ್ದದ್ದು ಸುಳಿವು ಮಾತ್ರ. ಚಿಂಗ್‌ಹಾವ್ ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಗಿಡಗಳು ಓಡಾಡುತ್ತಿದ್ದವು. ಸರಿಯಾದ ಗಿಡ ಯಾವುದು, ಮದ್ದಿರುವುದು ಎಲೆಯಲ್ಲೋ ಕಾಂಡದಲ್ಲೋ ಎಂಬುದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿಯೇ ತಿಳಿಯಬೇಕಾಯಿತು.

ಆರ್ಟೆಮಿಸಿನಿನ್ ಕೊಲ್ಲುವ ಬಗೆಯೂ ಸ್ವಾರಸ್ಯಕರ. ಅದರ ಅಣುವಿನಲ್ಲಿ ಎರಡು ಆಮ್ಲಜನಕಗಳು ಕೈಹಿಡಿದು ನಿಂತ ಸೇತುವೆಯೊಂದಿದೆ. ರೋಗಾಣು ನಮ್ಮ ಕೆಂಪು ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿನ್ನುತ್ತದೆ, ಆಗ ಕಬ್ಬಿಣದ ಅಂಶವಿರುವ ಹೀಮ್ ಹೊರಬೀಳುತ್ತದೆ. ಈ ಕಬ್ಬಿಣ ತಾಗಿದೊಡನೆ ಸೇತುವೆ ಮುರಿದು ಉಗ್ರ ಕಣಗಳು ಹುಟ್ಟಿ ರೋಗಾಣುವಿನ ಪ್ರೋಟೀನುಗಳನ್ನೇ ಹಾಳುಗೆಡವುತ್ತವೆ. ತಿಂದ ಅನ್ನವೇ ಅದಕ್ಕೆ ಮುಳುವು.

ಆದರೆ ಈ ಮದ್ದಿಗೆ ಒಂದು ದೌರ್ಬಲ್ಯವಿದೆ. ಕೆಲವೇ ಗಂಟೆಗಳಲ್ಲಿ ಅದು ದೇಹದಿಂದ ಮಾಯವಾಗುತ್ತದೆ. ಲೆಕ್ಕ ಹಾಕಿ ನೋಡಬಹುದು. ತೀವ್ರ ಕಾಯಿಲೆಯವನ ಮೈಯಲ್ಲಿ ಒಂದು ಲಕ್ಷ ಕೋಟಿ ರೋಗಾಣುಗಳಿರಬಹುದು. ರೋಗಾಣುವಿನ ಒಂದು ಜೀವನಚಕ್ರಕ್ಕೆ 48 ಗಂಟೆ. ಆರ್ಟೆಮಿಸಿನಿನ್ ಪ್ರತಿ ಚಕ್ರದಲ್ಲೂ ಹತ್ತು ಸಾವಿರಕ್ಕೆ ಒಂದನ್ನು ಮಾತ್ರ ಉಳಿಸುತ್ತದೆ. ಮೊದಲ ಚಕ್ರದ ನಂತರ 10 ಕೋಟಿ, ಎರಡನೆಯದರ ನಂತರ 10 ಸಾವಿರ. ಈ ಉಳಿದವನ್ನು ಮುಗಿಸಲು ಮೈಯಲ್ಲಿ ಹೆಚ್ಚು ದಿನ ನಿಲ್ಲುವ ಇನ್ನೊಂದು ಮದ್ದು ಜೊತೆಗಿರಬೇಕು. ಮೂರು ದಿನದ ಜೋಡಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಸೂಚಿಸುತ್ತಿರುವುದು ಇದಕ್ಕಾಗಿಯೇ. ಭಾರತವೂ ಫಾಲ್ಸಿಪಾರಂ ಮಲೇರಿಯಾಕ್ಕೆ ಜೋಡಿ ಮದ್ದನ್ನೇ ಕೊಡುತ್ತದೆ. ಕಷ್ಟವೆಂದರೆ, ಎರಡನೆಯ ದಿನಕ್ಕೇ ಜ್ವರ ಇಳಿದು ರೋಗಿ ಎದ್ದು ಕೂರುತ್ತಾನೆ. ಉಳಿದ ಮಾತ್ರೆ ಗೂಡಿನಲ್ಲಿ ಉಳಿಯುತ್ತದೆ, ರೋಗಾಣು ಮೈಯಲ್ಲಿ.

ಆಗಬಾರದ್ದು ಆಗಿಯೇ ಬಿಟ್ಟಿತು. 2008ರ ಸುಮಾರಿಗೆ ಪಶ್ಚಿಮ ಕಾಂಬೋಡಿಯದಲ್ಲಿ, ಹಿಂದೆ ಕ್ಲೋರೋಕ್ವಿನ್ ಸೋತಿದ್ದ ಅದೇ ಗಡಿಸೀಮೆಯಲ್ಲಿ, ಆರ್ಟೆಮಿಸಿನಿನ್ ನಿಧಾನವಾಗುತ್ತಿರುವುದು ಗೊತ್ತಾಯಿತು. ಇದಕ್ಕೆ ಕಾರಣವಾದ ‘ಕೆಲ್ಚ್ 13’ ಎಂಬ ಜೀನಿನ ಮಾರ್ಪಾಡುಗಳನ್ನು 2014ರಲ್ಲಿ ಗುರುತಿಸಲಾಯಿತು. ಆಮೇಲೆ ಅವು ಆಫ್ರಿಕದ ರುವಾಂಡ, ಉಗಾಂಡಗಳಲ್ಲೂ ಕಾಣಿಸಿಕೊಂಡಿವೆ. ಮಲೇರಿಯಾ ಸಾವುಗಳಲ್ಲಿ ಬಹುಪಾಲು ಆಫ್ರಿಕದ ಪುಟ್ಟ ಮಕ್ಕಳದು ಎಂಬುದನ್ನು ನೆನೆದರೆ ಇದರ ಗಂಭೀರತೆ ಅರ್ಥವಾದೀತು.

ಹೋರಾಟ ಪೂರ್ತಿ ಏಕಮುಖವೂ ಅಲ್ಲ. ಆಫ್ರಿಕದ ಮಲಾವಿ ದೇಶ 1993ರಲ್ಲಿ ಕ್ಲೋರೋಕ್ವಿನ್ ಬಳಕೆ ನಿಲ್ಲಿಸಿತು. ಹನ್ನೆರಡು ವರ್ಷ ಕಳೆಯುವುದರೊಳಗೆ ಆ ಮದ್ದಿಗೆ ಬಗ್ಗದ ರೋಗಾಣುಗಳು ಅಲ್ಲಿ ಹಿನ್ನೆಲೆಗೆ ಸರಿದು, ಬಗ್ಗುವ ತಳಿಯೇ ಮತ್ತೆ ಮುಂದೆ ಬಂದಿತ್ತು.

ಈ ನಡುವೆ ಚಿಂಗ್‌ಹಾವ್ ಎಲೆಯ ಚಹಾ ಕುಡಿದರೆ ಸಾಕು, ಮಾತ್ರೆಯೇ ಬೇಡ ಎಂಬ ಪ್ರಚಾರವೂ ನಡೆದಿದೆ. ಎಲೆಯಲ್ಲಿ ಸತ್ವ ಎಷ್ಟಿದೆ ಎಂಬುದು ತಳಿ, ಮಣ್ಣು, ಕೊಯ್ಲಿನ ಹೊತ್ತನ್ನು ಅವಲಂಬಿಸಿರುತ್ತದೆ. ಒಂದು ಲೋಟದಲ್ಲಿ ಎಷ್ಟು ಬಂತೆಂದು ಕುಡಿಯುವವನಿಗೆ ತಿಳಿಯದು. ಕಡಿಮೆ ಮದ್ದು ರೋಗಾಣುವನ್ನು ಕೊಲ್ಲುವುದಿಲ್ಲ, ಪಳಗಿಸುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಈ ಚಹಾವನ್ನು ಒಪ್ಪಿಲ್ಲ. ನಮ್ಮ ದವನವಂತೂ ಬೇರೆಯೇ ಜಾತಿ. ಜ್ವರ ಬಂದವರು ಅದರ ಕಷಾಯಕ್ಕೆ ಕೈಹಾಕದೆ ರಕ್ತಪರೀಕ್ಷೆಗೆ ಹೋಗುವುದೇ ಸರಿ.