ಐದು ವರ್ಷದ ಲಾ: ನಡುವೆ ಇಳಿಯುವ ನಿಲ್ದಾಣವಿಲ್ಲ

ಭಾಗದ ದಾವೆ, ಪೋಡಿ, ಪಹಣಿ ತಿದ್ದುಪಡಿ, ನಾಲೆ ನೀರಿನ ತಕರಾರು. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಂಥ ಊರುಗಳಲ್ಲಿ ಕೋರ್ಟು ಯಾರಿಗೂ ಅಪರಿಚಿತವಲ್ಲ. ಕಾವೇರಿ ನೀರಿನ ಪಾಲು ಕೂಡ ಕೊನೆಗೆ ಇತ್ಯರ್ಥವಾದದ್ದು ಸುಪ್ರೀಂ ಕೋರ್ಟಿನಲ್ಲೇ, 2018ರ ಫೆಬ್ರುವರಿ 16ರಂದು. ಮಗನೋ ಮಗಳೋ ಕರಿಕೋಟು ತೊಡಲಿ ಎಂದು ರೈತ ಕುಟುಂಬ ಆಸೆಪಟ್ಟರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಪಿ.ಯು.ಸಿ. ಫಲಿತಾಂಶ ಬಂದೊಡನೆ ಎದುರಾಗುವ ಪ್ರಶ್ನೆ, ಯಾವ ದಾರಿ ಹಿಡಿಯಬೇಕು ಎಂಬುದು.

ಹಳೆಯ ದಾರಿಯಲ್ಲಿ ಮೂರು ವರ್ಷದ ಬಿ.ಎ. ಅಥವಾ ಬಿ.ಕಾಂ., ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಒಟ್ಟು ಆರು. ನೇರವಾಗಿ ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಸೇರಿದರೆ ಎರಡು ಪದವಿಯೂ ಸಿಕ್ಕಿ ಒಂದು ವರ್ಷ ಉಳಿಯುತ್ತದೆ. ಈ ಮಾದರಿಗೆ ದೇಶದಲ್ಲಿ ಹೆಸರು ತಂದುಕೊಟ್ಟದ್ದು ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಅಲ್ಲಿ ಮೊದಲ ತಂಡದ ಪಾಠ ಆರಂಭವಾಯಿತು.

ಉಳಿಯುವ ಆ ಒಂದು ವರ್ಷಕ್ಕೆ ಬೆಲೆಯಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಲು ಮೂರು ವರ್ಷದ ವಕೀಲಿ ಅನುಭವ ಬೇಕೆಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ಹೇಳಿತು. ಮಗಳು ನ್ಯಾಯಾಧೀಶೆಯಾಗಲಿ ಎನ್ನುವ ಮನೆಗೆ ಇದು ಸಣ್ಣ ಲೆಕ್ಕವಲ್ಲ.

ಆದರೆ ಪ್ರವೇಶದ ಗಡಿಬಿಡಿಯಲ್ಲಿ ಪಾಲಕರು ಕೇಳಲು ಮರೆಯುವ ಮಾತೊಂದಿದೆ. ಓದು ನಡುವೆ ನಿಂತರೆ ಏನು ಗತಿ? ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸನ್ನು ಒಡೆದು, ಮೂರು ವರ್ಷಕ್ಕೆ ಬಿ.ಎ. ಕೊಟ್ಟು ಕಳುಹಿಸುವಂತಿಲ್ಲ. ಕಬ್ಬಿನ ಹಣ ಕೈಗೆ ಬರಲಿಲ್ಲ, ಮನೆಯಲ್ಲಿ ಕಾಯಿಲೆ ಬಿತ್ತು, ಹುಡುಗಿಗೆ ಮದುವೆ ಮಾತು ಬಂತು ಎಂದು ಮೂರನೆಯ ವರ್ಷದಲ್ಲಿ ಬಿಟ್ಟವರ ಕೈಯಲ್ಲಿ ಉಳಿಯುವುದು ಪಿ.ಯು.ಸಿ. ಅಂಕಪಟ್ಟಿ ಮಾತ್ರ. ಅದೇ ಪಕ್ಕದ ಭಾರತೀನಗರದ ಭಾರತೀ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರಿಗೆ ಅಷ್ಟೇ ಅವಧಿಯಲ್ಲಿ ಪದವಿ ದಕ್ಕಿರುತ್ತದೆ. ಲಾ ಒಗ್ಗದಿದ್ದರೆ ಬಿ.ಇಡ್., ಬ್ಯಾಂಕು, ಕೆ.ಎ.ಎಸ್. ಪರೀಕ್ಷೆಗಳಿವೆ. ಹದಿನೆಂಟರ ವಯಸ್ಸಿಗೆ ಮನಸ್ಸು ಗಟ್ಟಿಯಾಗದ ಮಕ್ಕಳಿಗೆ ಆರು ವರ್ಷದ ದಾರಿಯೇ ಲೇಸು. ನೆರೆಮನೆಯವರು ಏನಾದರೂ ಅಂದುಕೊಳ್ಳಲಿ.

ಇನ್ನು ಪ್ರವೇಶದ ವಿಚಾರ. ನಾಗರಬಾವಿಗೆ 'ಕ್ಲ್ಯಾಟ್' ಬರೆಯಲೇಬೇಕು. ಎರಡು ಗಂಟೆಯ ಈ ಪರೀಕ್ಷೆ ಬಾಯಿಪಾಠದ್ದಲ್ಲ. ಉದ್ದುದ್ದದ ಇಂಗ್ಲಿಷ್ ಗದ್ಯಭಾಗಗಳನ್ನು ಬೇಗ ಓದಿ ಅರ್ಥ ಮಾಡಿಕೊಳ್ಳಬೇಕು. ಕನ್ನಡ ಮಾಧ್ಯಮದ ಮಕ್ಕಳು ಪ್ರಥಮ ಪಿ.ಯು.ಸಿ.ಯಿಂದಲೇ ದಿನವೂ ಒಂದು ಇಂಗ್ಲಿಷ್ ಪತ್ರಿಕೆ ಓದತೊಡಗಿದರೆ ಭಯ ಕಳೆಯುತ್ತದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿ.ಯು.ಸಿ. ಅಂಕವೇ ಆಧಾರ. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಪರಿಶಿಷ್ಟರಿಗೆ ಶೇ. 40. ಅಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ತಾಲ್ಲೂಕು ಕೋರ್ಟಿನ ವ್ಯವಹಾರಕ್ಕೆ ಕನ್ನಡ ಸಾಕು, ಹೈಕೋರ್ಟಿಗೆ ಇಂಗ್ಲಿಷ್ ಬೇಕೇ ಬೇಕು.

ಸೇರುವ ಕಾಲೇಜಿಗೆ ವಕೀಲರ ಪರಿಷತ್ತಿನ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ಹಣ ಕಟ್ಟುವ ಮುನ್ನವೇ ಕಾಗದ ಕೇಳಿ ನೋಡಬೇಕು. ಸನ್ನದಿನ ನೋಂದಣಿಗೆ ಸಾಮಾನ್ಯರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ತೀರ್ಪಿತ್ತಿದೆ. ನಂತರ ಅಖಿಲ ಭಾರತ ವಕೀಲರ ಪರೀಕ್ಷೆ ಇದೆ. ಅದೂ ಮುಗಿದ ಮೇಲೆ ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಹೊರುವ ಕಾಲ ಬರುತ್ತದೆ. ಆಗಿನ ಸಂಪಾದನೆ ಬಸ್ಸಿನ ಖರ್ಚಿಗೆ ಸಾಲದಿರುವುದೂ ಉಂಟು. ಶುಲ್ಕಕ್ಕೆ ಸಾಲ ತೆಗೆಯುವ ಪಾಲಕರು ಈ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದಿರಬೇಕು.